ಹೆಣ್ಮಕ್ಕಳ ಮಠಕ್ಕೆ ಪಂಚಮಿಯ ಕರೆ

ಹೋದ ತಿಂಗಳು ಕೊಟ್ಟೂರಿನಲ್ಲಿ ಹಗ್ಗದ ಅಂಗಡಿಯ ಮುಂದೆ ಹಾದು ಹೋಗುತ್ತಿದ್ದೆ. ಹೊರಗೆ ಸುರುಳಿ ಸುತ್ತಿಟ್ಟ ಹೊಸ ಹಗ್ಗದ ಮೇಲೆ ನಾಲ್ಕು ಹನಿ ಮಳೆ ಬಿದ್ದು, ನಾರಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಆ ವಾಸನೆಗೆ ನಿಮಗೆ ಬಾವಿ ನೆನಪಾದೀತು, ಎತ್ತು ನೆನಪಾದಾವು. ನನಗೆ ಮಾತ್ರ ಸಿಟ್ಟು ಬರುತ್ತದೆ. ಅಂಗಡಿಯವನು ನನ್ನನ್ನು ಬಲ್ಲವನು.

"ಯಾಕ್ರಿ ಗೌಂಡ್ಯಾರ, ಹಗ್ಗ ನೋಡಿ ಮಾರಿ ಗಂಟ್ ಹಾಕ್ಕೊಂಡ್ರಿ?" ಎಂದ.

"ನಿನಗ ಹೇಳಾಕ ಕುಂತ್ರ ನಿನ್ನ ಯಾಪಾರ ಕೆಡ್ತೈತಿ ಬಿಡೋ" ಎಂದು ಮುಂದೆ ನಡೆದೆ.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗಾದರೆ ವ್ಯಾಪಾರದ ಅವಸರವಿಲ್ಲ.

ನಾನು ಗೌಂಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕೈಯಲ್ಲಿ ಕರಣಿ ಹಿಡಿದವನು. ಕೂಡ್ಲಿಗಿಯಿಂದ ಹಡಗಲಿಯವರೆಗೆ ನಾನು ಕಟ್ಟಿದ ಮನೆಗಳು ನಿಂತಿವೆ. ಯಾರೂ ನನ್ನನ್ನು ಎರಡನೇ ಸಲ ಕರೆದು, ನೋಡಪ್ಪಾ ಇಲ್ಲಿ ಬಿರುಕು ಬಿಟ್ಟಿದೆ ಎಂದು ಬೆರಳು ತೋರಿಸಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಬೆನ್ನು ಬಾಗಿಸಿ ದುಡಿದವನು ಅಷ್ಟು ಜಂಬವನ್ನಾದರೂ ಇಟ್ಟುಕೊಳ್ಳದಿದ್ದರೆ ಬದುಕುವುದು ಹೇಗೆ? ದೊಡ್ಡ ದೊಡ್ಡ ಸಾವುಕಾರರು ನನ್ನ ಮುಂದೆ ದನಿ ತಗ್ಗಿಸಿ ಮಾತಾಡಿದ್ದಾರೆ. ಇಂಥ ನನ್ನನ್ನು ಹದಿನೈದು ವರ್ಷ ಬುಗುರಿಯ ಹಾಗೆ ತಿರುಗಿಸಿದವರು ಹನ್ನೊಂದು ಜನ ಕಾವಿ ಸೀರೆಯ ಹೆಂಗಸರು.

ಕೊಟ್ಟೂರು ದಾಟಿ ಕೂಡ್ಲಿಗಿಯ ದಾರಿ ಹಿಡಿದರೆ, ಜಾಲಿಗಿಡಗಳ ಆಚೆ ಒಂದು ಕಲ್ಲುಮಂಟಪ, ಅದಕ್ಕೆ ಅಂಟಿಕೊಂಡು ಹೆಂಚಿನ ನಾಲ್ಕು ಕೋಣೆ, ಪಕ್ಕದಲ್ಲಿ ಹಿಟ್ಟಿನ ಗಿರಣಿ ಕಾಣುತ್ತವೆ. ಅದೇ ಹೆಣ್ಮಕ್ಕಳ ಮಠ. ಮದುವೆಯೆಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡ ಹಡಗಲಿ ಕಡೆಯ ಒಬ್ಬ ಹೆಣ್ಣುಮಗಳು, ನಮ್ಮಜ್ಜನ ಕಾಲದಲ್ಲಿ ಆ ಪಾಳುಮಂಟಪಕ್ಕೆ ಬಂದು ಕೂತಳಂತೆ. ಕೈಯಲ್ಲಿ ಲಿಂಗ, ಬಗಲಲ್ಲಿ ಒಂದು ಗಂಟು, ಅಷ್ಟೇ. "ಗಂಡಸು ಸ್ವಾಮಿ ಇಲ್ಲದ್ದು ಎಂಥಾ ಮಠಾರಿ ಅದು, ಹೆಣ್ಮಕ್ಕಳ ಮಠ!" ಎಂದು ಸುತ್ತಲಿನವರು ನಕ್ಕರು. ನಕ್ಕವರೆಲ್ಲ ಸತ್ತರು, ಅವರು ಇಟ್ಟ ಹೆಸರು ಉಳಿಯಿತು. ಆಮೇಲೆ ಒಬ್ಬೊಬ್ಬರೇ ಬಂದು ಸೇರಿದರು. ಗಂಡ ಬಿಟ್ಟವರು, ಗಂಡನನ್ನೇ ಬಿಟ್ಟವರು, ಮದುವೆಯನ್ನೇ ಒಲ್ಲೆ ಎಂದವರು. ಭಿಕ್ಷೆಗೆ ಹೋಗಲಿಲ್ಲ. ಮೊದಲು ಬೀಸುವ ಕಲ್ಲು ಇಟ್ಟರು, ಕರೆಂಟು ಬಂದ ಮೇಲೆ ಗಿರಣಿ ಹಾಕಿದರು. ಜೋಳ, ಮೆಣಸಿನಕಾಯಿ ಬೀಸಿಕೊಟ್ಟು ಬದುಕುತ್ತಾರೆ. ಸಂಜೆ ಆ ಸುತ್ತಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಾರೆ.

ಮಠ ಎಂದ ಮೇಲೆ ನಿಯಮಗಳು ಇರಬೇಕಲ್ಲ. ಒಳಗೆ ಬಂದವಳನ್ನು ಯಾವೂರು, ಯಾವ ಜಾತಿ, ಗಂಡನ ಹೆಸರೇನು ಎಂದು ಕೇಳುವಂತಿಲ್ಲ. ಕೆಲಸವೆಲ್ಲ ಸರದಿ, ಇವತ್ತು ಅಡಿಗೆ ಮಾಡಿದವಳು ನಾಳೆ ಗಿರಣಿಗೆ, ನಾಡಿದ್ದು ಸೆಗಣಿ ಬಾಚಲಿಕ್ಕೆ. ದೊಡ್ಡವ್ವನವರು, ಎಂದರೆ ಮಠದ ಹಿರಿಯಾಕೆ, ಅವರಿಗೂ ಸೆಗಣಿಯ ಸರದಿ ತಪ್ಪಿದ್ದಲ್ಲ. ಇವೆಲ್ಲ ಒಳ್ಳೆಯವೇ ಎನ್ನಿ. ಆದರೆ ಇನ್ನೊಂದು ನಿಯಮವಿತ್ತು: ಒಬ್ಬರಿಗೆ ಇಲ್ಲದ್ದು ಯಾರಿಗೂ ಇಲ್ಲ. ನನ್ನ ತಲೆ ತಿಂದದ್ದು ಅದು.

ನನಗೆ ಒಬ್ಬಳೇ ತಂಗಿ, ನೀಲವ್ವ. ಅಪ್ಪ ಬೇಗ ಹೋದದ್ದರಿಂದ ಅವಳ ಮದುವೆ ಮಾಡಿದವನು ನಾನು. ಹಿರೇಹಡಗಲಿಯ ಹತ್ತಿರ ಕೊಟ್ಟಿದ್ದೆವು. ಮೂರು ವರ್ಷಕ್ಕೆ ಮಕ್ಕಳಾಗಲಿಲ್ಲವೆಂದು ಆ ಪುಣ್ಯಾತ್ಮ ಇನ್ನೊಬ್ಬಳನ್ನು ತಂದು ಮನೆಯಲ್ಲಿ ಇಟ್ಟುಕೊಂಡ. ನೀಲವ್ವ ಎರಡು ಸಲ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಎರಡೂ ಸಲ ಅವಳ ಗಂಟನ್ನು ನಾನೇ ಹೊತ್ತು, ಬಸ್ಸು ಹತ್ತಿಸಿ, "ಹೊಂದ್ಕೊಂಡು ಹೋಗವ್ವ" ಎಂದು ಬಿಟ್ಟು ಬಂದೆ. ಆಗ ಎಲ್ಲ ಅಣ್ಣಂದಿರೂ ಹಾಗೇ ಮಾಡುತ್ತಿದ್ದರು. ಇದು ತೊಂಬತ್ತರ ಈಚಿನ ಮಾತು. ಮೂರನೇ ಸಲ ಅವಳು ನಮ್ಮ ಮನೆಗೆ ಬರಲಿಲ್ಲ. ಕೊಟ್ಟೂರಿನಲ್ಲಿ ಬಸ್ಸಿಳಿದು ನೆಟ್ಟಗೆ ಆ ಮಂಟಪಕ್ಕೆ ನಡೆದಳು. ಅದು ನಮಗೆ ಗೊತ್ತಾದದ್ದು ಜೋಳ ಬೀಸಿಸಲು ಹೋಗಿದ್ದ ಪಕ್ಕದ ಮನೆಯಾಕೆಯಿಂದ.

"ನಿಮ್ಮ ನೀಲವ್ವ ಗಿರಣ್ಯಾಗ ಹಿಟ್ಟು ಹಿಡಿಯಾಕ ಹತ್ಯಾಳ. ತಲಿತುಂಬ ಹಿಟ್ಟು, ಹಣಿತುಂಬ ಇಬತ್ತಿ!"

ಅವ್ವ ಆ ದಿನ ಮಾತಾಡಲಿಲ್ಲ. ಮರುದಿನ ಮಾತಾಡಿದಳು, ಅದಕ್ಕಿಂತ ಸುಮ್ಮನಿದ್ದರೇ ಚೆನ್ನಾಗಿತ್ತು. "ಅಕಿ ಬಂದು ಈ ಮನ್ಯಾಗ ಕುಂತು ಪಂಚಮಿ ಉಂಡಿ ತಿನ್ನೂತನ ನನ್ನ ಬಾಯಿಗೂ ಉಂಡಿ ಬ್ಯಾಡ" ಎಂದಳು. ನಮ್ಮ ಕಡೆ ಪಂಚಮಿಯೆಂದರೆ ಏನೆಂದು ನಿಮಗೆ ಗೊತ್ತಿದ್ದೇ ಇದೆ. ಅಣ್ಣ ಹೋಗಬೇಕು, ತಂಗಿಯನ್ನು ಕರೆತರಬೇಕು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಮರಕ್ಕೆ ಜೋಕಾಲಿ. ಮಿಕ್ಕ ಹಬ್ಬಕ್ಕೆ ಮಗಳು ಬರದಿದ್ದರೂ ಕೇಳುವವರಿಲ್ಲ. ಪಂಚಮಿಗೆ ಬರದಿದ್ದರೆ ತವರು ಸತ್ತಂತೆ. "ಹೋಗಿ ನೀನೇ ನೋಡಿ ಬಾರವ್ವ" ಎಂದರೆ, "ಕರೀದ ಮಗಳ ಮನಿಗೆ ಹೋಗೂ ತಾಯಿ ಅಲ್ಲ ನಾನು" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಒಂದು ಕಡೆ ಇವಳ ಹಟ, ಇನ್ನೊಂದು ಕಡೆ ಅವಳ ಹಟ, ನಡುವೆ ಡಬ್ಬಿ ಹೊರುವವನು ನಾನು.

ಮೊದಲ ಪಂಚಮಿಗೆ ತಗಡಿನ ಡಬ್ಬಿ ತುಂಬ ಉಂಡಿ ಹೊತ್ತು ಹೋದೆ. ಬಾಗಿಲಲ್ಲಿ ಮಲ್ಲಮ್ಮ ಎಂಬ ಹುಡುಗಿ ಕೂತಿದ್ದಳು. ಇಪ್ಪತ್ತೈದು ಇರಬಹುದು, ಕಾವಿಯ ಮೇಲೆಯೂ ಎದ್ದು ಕಾಣುವ ಠೇಂಕಾರ.

"ಯಾರು ಬೇಕ್ರಿ?"

"ನನ್ನ ತಂಗಿ."

"ಇಲ್ಲಿ ಯಾರ ತಂಗೇರೂ ಇಲ್ರಿ."

"ನೀಲವ್ವಾ ಅಂತ!"

"ಹಂಗ ಕೇಳ್ರಿ ಮತ್ತ. ನೀಲಮ್ಮನವರು ಅದಾರ. ಕುಂದರ್ರಿ."

ನೀಲಮ್ಮನವರು ಬಂದರು. ನಾನು ಬೆನ್ನ ಮೇಲೆ ಹೊತ್ತು ಕೆರೆಗೆ ಕರೆದೊಯ್ಯುತ್ತಿದ್ದ ಹುಡುಗಿ ಎರಡೂ ಕೈ ಜೋಡಿಸಿ, "ಶರಣ್ರೀ ಗೌಂಡಿಯವರ, ಆರಾಮದೀರಿ?" ಎಂದಳು. ಗೌಂಡಿಯವರಂತೆ! ಅಣ್ಣ ಎನ್ನುವ ಹಾಗಿಲ್ಲವಂತೆ, ಏಕೆಂದರೆ ಅಲ್ಲಿ ಎಷ್ಟೋ ಜನಕ್ಕೆ ಅಣ್ಣಂದಿರಿಲ್ಲ. ನನ್ನ ಕಿವಿ ಕಾದ ಹಂಚಾಯಿತು. ಅಷ್ಟರಲ್ಲಿ ದೊಡ್ಡವ್ವನವರು ಬಂದರು. ಎಪ್ಪತ್ತರ ಹತ್ತಿರದ ಕಿರಿದಾದ ಮುದುಕಿ, ಕೈಯೆಲ್ಲ ಸೆಗಣಿ. ಅವತ್ತು ಅವರ ಸರದಿ.

"ಪಂಚಮಿಗೆ ಇಲ್ಲಿಂದ ಯಾರೂ ತವರಿಗೆ ಹೋಗಂಗಿಲ್ರಪ್ಪ. ತಂದದ್ದು ಕೊಡ್ರಿ, ಎಲ್ಲಾರೂ ತಿಂತೀವಿ" ಎಂದರು.

ತಿಂದರು. ಅವ್ವ ಮಗಳಿಗೆಂದು ಏಲಕ್ಕಿ ಕುಟ್ಟಿ ಹಾಕಿದ ಉಂಡಿ ಹನ್ನೊಂದು ಬಾಯಿಗೆ ಹೋಯಿತು. ನನಗೂ ಒಂದು ಕೊಟ್ಟರು. ಖಾಲಿ ಡಬ್ಬಿಯನ್ನು ತೊಳೆದು, ಒರೆಸಿ, ಅದರ ತುಂಬ ಜೋಳದ ಹಿಟ್ಟು ಹಾಕಿ ತಿರುಗಿ ಕೊಟ್ಟರು. ಅವ್ವ ಆ ಹಿಟ್ಟನ್ನು ಎಮ್ಮೆಯ ಬಾನಿಗೆ ಸುರಿದಳು. ಎರಡನೇ ವರ್ಷವೂ ಇದೇ ಕತೆ; ಹಿಟ್ಟು ಎಮ್ಮೆಗೆ. ಮೂರನೇ ವರ್ಷ ಅದರಲ್ಲಿ ರೊಟ್ಟಿ ತಟ್ಟಿದಳು. "ಸಣ್ಣಗ ಬೀಸ್ಯಾಳ" ಎಂದಳು, ಯಾರಿಗೋ ಹೇಳಿದ ಹಾಗೆ. ಉಂಡಿ ಮಾತ್ರ ಮುಟ್ಟಲಿಲ್ಲ.

ಮುಂದಿನ ಬೇಸಗೆಯಲ್ಲಿ ನಾನು ಒಂದು ಜಾಣತನ ಮಾಡಿದೆ. ಜಾಣತನವೆಂದು ಆಗ ತಿಳಿದಿದ್ದೆ. ಮಠದ ಸುತ್ತುಗೋಡೆ ಬಿದ್ದಿತ್ತು. ನಾನೇ ಕಟ್ಟಿಕೊಡುತ್ತೇನೆ, ಆಳು ಬೇಡ, ಕಲ್ಲು ಕೊಡಲಿಕ್ಕೆ ಮಠದ ಒಬ್ಬರು ಸಾಕು ಎಂದೆ. ಒಬ್ಬರು ಎಂದರೆ ನೀಲವ್ವನೇ ಬರುತ್ತಾಳೆ, ದಿನವೆಲ್ಲ ಜೊತೆಗಿದ್ದು ಕಲ್ಲು ಕೊಡುತ್ತ ಕೊಡುತ್ತ ಮನಸ್ಸು ಕರಗೀತು ಎಂಬುದು ನನ್ನ ಲೆಕ್ಕ. ಸರದಿಯನ್ನು ಮರೆತಿದ್ದೆ ನೋಡಿ! ಮೊದಲ ದಿನ ಮಲ್ಲಮ್ಮ ಬಂದಳು. ಮಣ್ಣು ಎಷ್ಟು ಹದಕ್ಕಿರಬೇಕು, ಕಲ್ಲಿನ ಮುಖ ಯಾವುದು, ಬೆನ್ನು ಯಾವುದು ಎಂದು ಸಂಜೆಯವರೆಗೆ ಕಲಿಸಿದೆ. ಕೈ ಕೂಡಿತು ಎನ್ನುವಷ್ಟರಲ್ಲಿ ಮರುದಿನ ಇನ್ನೊಬ್ಬರು. ಮತ್ತೆ ಮೊದಲಿನಿಂದ ಪಾಠ. ಮೂರನೇ ದಿನ ಮಾತೇ ಆಡದ ಒಬ್ಬ ಮುದುಕಿ. ನಾಲ್ಕನೇ ದಿನ ಎಡಗೈಯವಳು. ಕಲ್ಲೆಲ್ಲ ತಿರುಗುಮುರುಗು ಬಂದವು. ಗೋಡೆ ಒಂದು, ಕಲಿಸಬೇಕಾದವರು ಹನ್ನೊಂದು. ನನ್ನ ಜನ್ಮದಲ್ಲಿ ನಾನು ಅಷ್ಟು ಬೈದುಕೊಂಡು ಯಾವ ಗೋಡೆಯನ್ನೂ ಕಟ್ಟಿಲ್ಲ. ಹನ್ನೊಂದನೇ ದಿನ ನೀಲವ್ವ ಬಂದಳು. ಇಬ್ಬರೂ ಸಂಜೆಯವರೆಗೆ ಸುಮ್ಮನೆ ಕಲ್ಲಿಟ್ಟೆವು. ಅಷ್ಟು ದಿನ ಕಾಯ್ದು ಇಟ್ಟುಕೊಂಡ ಮಾತು ಒಂದೂ ಹೊರಗೆ ಬರಲಿಲ್ಲ. ಕೈ ತೊಳೆಯುವಾಗ, "ಅವ್ವ ಹೆಂಗದಾಳ್ರಿ ಗೌಂಡಿಯವರ?" ಎಂದಳು. "ಬಂದು ನೋಡು" ಎಂದೆ. ಅವಳು ಕೈ ಒರೆಸಿಕೊಂಡು ಒಳಗೆ ಹೋದಳು.

ಹೀಗೆ ಐದು ಪಂಚಮಿ ಕಳೆದವು. ಆರನೆಯದಕ್ಕೆ ನನ್ನ ತಾಳ್ಮೆ ಕಿತ್ತುಹೋಯಿತು. ಅವ್ವನ ಕಣ್ಣು ಮಂದವಾಗಿತ್ತು, ಆದರೂ ಕೂತು ಉಂಡಿ ಕಟ್ಟಿದ್ದಳು. ಮಠದ ಅಂಗಳದಲ್ಲಿ ಡಬ್ಬಿಯನ್ನು ಕುಕ್ಕಿ ನಿಂತೆ.

"ಏನ್ರವ್ವ ನಿಮ್ಮ ನಿಯಮ! ಹೆತ್ತ ತಾಯಿ ಆರು ವರ್ಷ ಬಾಯಿಗೆ ಉಂಡಿ ಇಟ್ಟಿಲ್ಲ. ಒಂದು ದಿನ, ಒಂದೇ ದಿನ ಕಳಿಸಿದ್ರ ನಿಮ್ಮ ಮಠ ಬೀಳತೈತೇನು? ಬೀಳಂಗಿಲ್ಲ. ಗ್ವಾಡಿ ನಾನು ಕಟ್ಟೀನಿ!"

ದೊಡ್ಡವ್ವನವರಿಗೆ ಸಿಟ್ಟು ಬರಲಿಲ್ಲ. ಅದೂ ಒಂದು ತಲೆಬೇನೆ. ಜಗಳಕ್ಕೆ ಎದುರಾಳಿಯೇ ಸಿಗುವುದಿಲ್ಲ. ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿದರು.

"ಮೊದ್ಲು ಕಳಿಸ್ತಿದ್ವಿ ಗೌಂಡಿಯವರ. ನಾನು ಸಣ್ಣಾಕಿ ಇದ್ದಾಗ. ಪಂಚಮಿ ಬಂತಂದ್ರ ನಾಕು ಮಂದಿ ಅಣ್ಣಗೋಳು ಬಂಡಿ ಕಟ್ಕೊಂಡು ಬರೋರು. ನಾಕು ಮಂದಿ ಹೋಗೋರು. ಉಳಿದ ಆರು ಮಂದಿ ಈ ಬಾಗಲಾಗ ನಿಂತು ಬಂಡಿ ಹ್ವಾದ ದಾರಿ ನೋಡೋರು. ಒಂದು ವರ್ಷ ಹಂಗ ನಿಂತಾಕಿ ಒಬ್ಬಾಕಿ ಮೂರು ದಿನ ಕೂಳು ಮುಟ್ಟಲಿಲ್ಲ. ಆವಾಗ ನಮ್ಮ ಮೊದಲಿನವ್ವ ಅಂದ್ಲು, ಇನ್ನ ಪಂಚಮಿಗೆ ಹೋದ್ರ ಎಲ್ಲಾರೂ, ಇಲ್ಲಾ ಯಾರೂ ಇಲ್ಲ. ಎಲ್ಲಾರನ್ನೂ ಕರಿಯಾಕ ಇಲ್ಲೀತನ ಯಾರೂ ಬಂದಿಲ್ಲ."

ಕೂಳು ಮುಟ್ಟದ ಆ ಒಬ್ಬಾಕಿ ಯಾರೆಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಕೇಳಬೇಕಾಗಿರಲಿಲ್ಲ. ಆದರೆ ನಾನಾಗ ಸಿಟ್ಟಿನಲ್ಲಿದ್ದೆ. ಸಿಟ್ಟಿನಲ್ಲಿರುವವನಿಗೆ ಎದುರಿನವರ ಮಾತು ನ್ಯಾಯವಾಗಿ ಕಂಡರೆ ಇನ್ನಷ್ಟು ಸಿಟ್ಟು ಬರುತ್ತದೆ. "ಹಂಗಾರ ಎಲ್ಲಾರೂ ಬರ್ರಿ! ಹನ್ನೊಂದು ಮಂದೀನೂ ಬರ್ರಿ! ನಮ್ಮ ಮನ್ಯಾಗ ಜಾಗ ಇಲ್ಲಂದ್ರ ಮಾಳಿಗಿ ಮ್ಯಾಲ ಕುಂದರ್ರಿ!" ಎಂದೆ. ಜಗಳದಲ್ಲಿ ಜನ ಏನೇನೋ ಅನ್ನುತ್ತಾರಲ್ಲ, ಹಾಗೆ ಅಂದದ್ದು. ನೀವಾಗಿದ್ದರೆ ಅದನ್ನು ಕರೆ ಎಂದುಕೊಳ್ಳುತ್ತಿದ್ದಿರಾ?

ಅವರು ಅಂದುಕೊಂಡರು. "ಎಷ್ಟು ಗಂಟಿಗೆ ಬಸ್ಸೈತಿ?" ಎಂದರು ದೊಡ್ಡವ್ವನವರು.

ಮಲ್ಲಮ್ಮ ಆಗಲೇ ಗಿರಣಿಯ ಬಾಗಿಲು ಹಾಕುತ್ತಿದ್ದಳು.

ಹರಪನಹಳ್ಳಿಯ ಬಸ್ಸಿನಲ್ಲಿ ಹನ್ನೊಂದು ಕಾವಿ ಸೀರೆ, ನಡುವೆ ಉಂಡಿ ತುಂಬಿದ ಡಬ್ಬಿ ಹಿಡಿದ ನಾನು. ಕಂಡಕ್ಟರ್ ಕೇಳಿದ: "ಯಾವ ಜಾತ್ರಿಗ್ರಿ?" ನಾನು ಕಿಟಕಿಯ ಹೊರಗೆ ನೋಡಿದೆ. ನಮ್ಮೂರಿನ ಸ್ಟಾಪಿನಲ್ಲಿ ಇಳಿದು ಸಾಲಾಗಿ ನಡೆದೆವು. ಓಣಿಯ ಕಟ್ಟೆಗಳ ಮೇಲೆ ಕೂತಿದ್ದವರು ಎದ್ದು ನಿಂತರು. ಒಬ್ಬ, "ಏನಲೇ ಗೌಂಡಿ, ಒಬ್ಬಾಕಿನ ತರಾಕ ಹೋಗಿ ಮಠಾನ ಕಿತ್ಕೊಂಡು ಬಂದ್ಯಾ?" ಎಂದ. ಅವನ ಮನೆಯ ಹಿತ್ತಲ ಗೋಡೆಯನ್ನು ನಾನು ಮುಂದೆ ಎರಡು ವರ್ಷ ಕಟ್ಟಿಕೊಡಲಿಲ್ಲ.

ಅವ್ವ ಹೊಸ್ತಿಲಲ್ಲಿ ಕೂತಿದ್ದಳು. ಮಂದ ಕಣ್ಣಿಗೆ ಅಷ್ಟು ಕಾವಿ ಒಮ್ಮೆಲೇ ಬಂದದ್ದು ಕಂಡು, "ಯಾರೋ ಸತ್ತಾರೇನೋ?" ಎಂದು ಚೀರಿದಳು. ನೀಲವ್ವ ಮುಂದೆ ಬಂದು ಕಾಲು ಮುಟ್ಟಿದಳು. ಅವ್ವ ಅವಳ ಮುಖವನ್ನು ಎರಡೂ ಕೈಯಿಂದ ತಡವಿದಳು. ಇನ್ನೇನು ಅಪ್ಪಿಕೊಳ್ಳಬೇಕು, ಅಷ್ಟರಲ್ಲಿ ಎರಡನೆಯವರು ಬಾಗಿದರು, ಆಮೇಲೆ ಮೂರನೆಯವರು. ಹನ್ನೊಂದೂ ಮುಖ ತಡವುವ ಹೊತ್ತಿಗೆ ಅವ್ವನ ಕಣ್ಣೀರು ಆರಿತ್ತು. "ಇದೇನೋ ಇದು!" ಎಂದು ನನ್ನ ಕಡೆ ತಿರುಗಿ ಬೈದಳು. ನನ್ನನ್ನಲ್ಲದೆ ಇನ್ನಾರನ್ನು ಬೈಯಬೇಕು?

ನಿಜವಾದ ಪೇಚು ಉಡಿ ತುಂಬುವಾಗ ಬಂತು. ಮಗಳು ತವರಿಗೆ ಬಂದರೆ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಒಂದು ರವಿಕೆಯ ಕಣ ಹಾಕಿ ಕಳಿಸಬೇಕು. ಆದರೆ ಅದು ಮುತ್ತೈದೆಯರಿಗೆ. ಅವ್ವ ಆರು ವರ್ಷದಿಂದ ಪೆಟ್ಟಿಗೆಯಲ್ಲಿ ಒಂದು ಗುಳೇದಗುಡ್ಡದ ಕಣ ಇಟ್ಟಿದ್ದಳು. ತಾನೂ ವಿಧವೆಯೇ ಆದರೂ ಮಗಳ ಉಡಿಯನ್ನು ಬೇರೆಯವರ ಕೈಗೆ ಬಿಡದೆ, ಮೊರದಲ್ಲಿ ಅಕ್ಕಿ ಹಿಡಿದು ನಿಂತು ಕೇಳಿದಳು:

"ಯಾರ್ಯಾರಿಗೆ ಗಂಡ ಅದಾನ, ಯಾರ್ಯಾರಿಗೆ ಇಲ್ಲ, ಹೇಳ್ರವ್ವ."

"ಅದನ್ನ ಕೇಳಂಗಿಲ್ಲವ್ವ" ಎಂದರು ದೊಡ್ಡವ್ವನವರು. "ತುಂಬಿದ್ರ ಎಲ್ಲಾರಿಗೂ ತುಂಬು. ಇಲ್ಲಂದ್ರ ಬ್ಯಾಡ, ಹಂಗ ಹೋಗ್ತೀವಿ."

ಬಾಗಿಲಲ್ಲಿ ಓಣಿಯ ಹೆಂಗಸರೆಲ್ಲ ಬಂದು ನಿಂತಿದ್ದರು. ವಿಧವೆಯ ಉಡಿಗೆ ಅಕ್ಕಿ ಹಾಕಿದರೆ ಏನಾಗುತ್ತದೆಂದು ಅವರಿಗೆಲ್ಲ ಗೊತ್ತು. ಗೊತ್ತು ಎಂದು ಅಂದುಕೊಂಡಿದ್ದಾರೆ. ಅವ್ವ ಮೊರವನ್ನು ಕೆಳಗಿಟ್ಟಳು, ಮತ್ತೆ ಎತ್ತಿದಳು. ನೀಲವ್ವ ನೆಲ ನೋಡುತ್ತ ಕೂತಿದ್ದಳು. ಅವ್ವನ ಕಡೆಯೂ ಇಲ್ಲ, ಮಠದ ಕಡೆಯೂ ಇಲ್ಲ. ನಾನಾಗಿದ್ದರೆ ಮೊರ ಬೀಸಿ ಒಗೆದು ಎದ್ದು ಹೋಗುತ್ತಿದ್ದೆ. ಅವ್ವ ಬಾಗಿಲ ಕಡೆ ತಿರುಗಿ, "ನನಗ ಕಣ್ಣು ಕಾಣಂಗಿಲ್ಲ. ದೇವ್ರು ಕೇಳಿದ್ರ ಅದನ್ನ ಹೇಳ್ತೀನಿ. ನಿಮಗ ಕಣ್ಣು ಕಾಣ್ತಾವಂದ್ರ ಮುಚ್ಕೊಳ್ರಿ" ಎಂದಳು. ದೊಡ್ಡವ್ವನವರಿಂದಲೇ ಶುರುಮಾಡಿದಳು. ಕಣ ಒಂದೇ ಇತ್ತು. ಅದನ್ನು ಒಬ್ಬರ ಉಡಿಗೆ ಇಡುವುದು, ಮುಂದಿನವರ ಸರದಿಗೆ ತೆಗೆಯುವುದು. ಹನ್ನೊಂದು ಉಡಿ ಸುತ್ತಿ ಬಂದ ಕಣ ಕೊನೆಗೆ ಯಾರದಾಯಿತು ಎಂದರೆ ಯಾರದೂ ಆಗಲಿಲ್ಲ. ಇವತ್ತಿಗೂ ಅದು ಮಠದ ಗಂಟೆ ಒರೆಸುವ ಬಟ್ಟೆ. ಗುಳೇದಗುಡ್ಡದ ಕಣ! ಹೇಳಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ನೀಲವ್ವ ಒಂದು ಎಳ್ಳುಂಡಿ ಮುರಿದು ಅವ್ವನ ಬಾಯಿಗೆ ಇಟ್ಟಳು. ಅವ್ವ ಕಣ್ಣು ಮುಚ್ಚಿ ತಿಂದಳು. ಆರು ವರ್ಷದ ಹಟ ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಡುವುದರಲ್ಲಿ ಉಳಿದ ಹತ್ತೂ ಜನ ಒಂದೊಂದು ಚೂರು ಹಿಡಿದು ಸಾಲಾಗಿ ನಿಂತಿದ್ದರು. "ಸಾಕ್ರವ್ವ, ಉಸಿರು ಕಟ್ಟತೈತಿ! ಆರು ವರ್ಷದ್ದು ಒಂದ ದಿನ ತಿನ್ನಿಸ್ತೀರೇನು?" ಎಂದು ಅವ್ವ ಕೆಮ್ಮುತ್ತ ನಕ್ಕಳು. ಅವಳು ನಗುವುದನ್ನು ನಾನು ಕೇಳಿ ಎಷ್ಟು ದಿನವಾಗಿತ್ತೋ.

ಜೋಕಾಲಿಯ ಮಾತು ಬಂತು. ಬೇವಿನ ಮರಕ್ಕೆ ನಾನು ಹಿಂದಿನ ದಿನವೇ ಒಬ್ಬರಿಗೆ ಸಾಕಾಗುವ ಹಗ್ಗ ಕಟ್ಟಿದ್ದೆ. ಮಠದವರು ಜೋಕಾಲಿ ಆಡುತ್ತಾರೆಂದು ನಾನು ತಿಳಿದಿರಲಿಲ್ಲ. ಅವರೂ ತಿಳಿದಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡವ್ವನವರು ಸೆರಗು ಸಿಕ್ಕಿಸಿ ಹೋಗಿ ಕೂತೇ ಬಿಟ್ಟರು. ನಾನು ಹೆದರಿ ಹೆದರಿ, ಮುದುಕಿ ಬಿದ್ದರೆ ಯಾರಿಗೆ ಉತ್ತರ ಕೊಡಲಿ ಎಂದು, ಮೆಲ್ಲಗೆ ತೂಗಿದೆ.

"ಇಷ್ಟೇ ಏನ್ರೀ ಗೌಂಡಿಯವರ, ಕಲ್ಲು ಎತ್ತೂ ಕೈ?"

ಸ್ವಲ್ಪ ಜೋರಾಗಿ ತೂಗಿದೆ. ಕಾಲು ನೆಲ ಬಿಟ್ಟವು. ಬಿಳಿಕೂದಲು ಬಿಚ್ಚಿಕೊಂಡಿತು. ಆಗ ಎಪ್ಪತ್ತು ದಾಟಿದ ಆ ಮುದುಕಿ, ನನ್ನ ಅವ್ವನಿಗಿಂತ ಹಿರಿಯಾಕೆ, ನಾಚಿಕೆಯಿಲ್ಲದೆ ದನಿ ಎತ್ತಿ ಕೂಗಿದಳು:

"ಅಣ್ಣಾ! ತೂಗೋ ಅಣ್ಣಾ! ಇನ್ನೂ ಮ್ಯಾಲ!"

ಆಮೇಲೆ ಒಬ್ಬೊಬ್ಬರೇ ಬಂದು ಕೂತರು, ಒಬ್ಬೊಬ್ಬರೂ ಕೂಗಿದರು. ಕಲ್ಲು ಕೊಡುವಾಗ ಮಾತೇ ಆಡದಿದ್ದ ಮುದುಕಿಯೂ ಕೂಗಿದಳು. ಕೊನೆಗೆ ನೀಲವ್ವ ಕೂತಳು. ಕೂಗಲಿಲ್ಲ. ಹಗ್ಗದ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು, ಮೆಲ್ಲಗೆ "ಅಣ್ಣ" ಎಂದಳು. ಅಣ್ಣ ಎನ್ನುವುದು ಒಬ್ಬಳಿಗೆ ಸಲ್ಲಬೇಕಾದರೆ ಎಲ್ಲರಿಗೂ ಸಲ್ಲಬೇಕಿತ್ತು. ಅದಕ್ಕಾಗಿ ಆ ಮುದುಕಿ ನನ್ನನ್ನು ಅಣ್ಣ ಮಾಡಿಕೊಂಡಿದ್ದಳು. ನನ್ನ ಅಂಗೈ ಬೊಬ್ಬೆ ಬಂದಿತ್ತು. ಹಾಗಾಗಿ ಕಣ್ಣಲ್ಲಿ ನೀರು ಬಂತು ಎಂದು ಎಲ್ಲರಿಗೂ ಹೇಳಿದೆ.

ಅಂದಿನಿಂದ ಪಂಚಮಿಯೆಂದರೆ ನನಗೆ ಹಬ್ಬವಲ್ಲ, ಗುತ್ತಿಗೆ ಕೆಲಸ. ವಾರ ಮೊದಲೇ ಹಗ್ಗ ನೋಡಬೇಕು, ಕೊಂಬೆ ನೋಡಬೇಕು, ಮನೆಯಾಕೆ ಶೇಂಗಾ ಹುರಿದು ಹುರಿದು ನನ್ನ ಮೇಲೆ ಹರಿಹಾಯಬೇಕು. ಮಠದಲ್ಲಿ ಒಂದು ವರ್ಷ ಹದಿಮೂರು ಮಂದಿ, ಒಂದು ವರ್ಷ ಒಂಬತ್ತು. ಎಲ್ಲರೂ ಅಣ್ಣಾ ಎನ್ನುವವರೇ, ಎಲ್ಲರೂ ಹಗ್ಗ ಕುತ್ತುತ್ತದೆ, ಉಂಡಿಗೆ ಬೆಲ್ಲ ಕಡಿಮೆ ಎಂದು ದೂರುವವರೇ. ಆದರೆ ಅವ್ವನ ಒಂದು ಕೊರಗು ಹಾಗೇ ಉಳಿಯಿತು. ಮಗಳು ಬರುತ್ತಾಳೆ, ಸಾಲಿನಲ್ಲಿ ಕೂರುತ್ತಾಳೆ, ಸಾಲಿನಲ್ಲಿ ಏಳುತ್ತಾಳೆ. ಇಬ್ಬರೇ ಒಲೆಯ ಮುಂದೆ ಕೂತು ಒಂದು ಗಳಿಗೆ ಮಾತಾಡಲಿಲ್ಲ. "ಬಂದ್ಲು. ಆದ್ರೂ ಬಂದಂಗ ಆಗಲಿಲ್ಲ ನೋಡು" ಎನ್ನುತ್ತಿದ್ದಳು ಪ್ರತಿ ಪಂಚಮಿಯ ಸಂಜೆ. ನಿಯಮ ಎಂದು ನಾನು ಸಮಾಧಾನ ಮಾಡುತ್ತಿದ್ದೆ. ಹೀಗೆ ಏಳು ವರ್ಷ. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅವ್ವ ಏಳಲಿಲ್ಲ. ಮಣ್ಣಿಗೂ ಮಠದವರೆಲ್ಲ ಬಂದರು. ನೀಲವ್ವ ಅವರ ನಡುವೆಯೇ ಕೂತು ಅತ್ತಳು. ಎರಡು ವರ್ಷದ ಕೆಳಗೆ ದೊಡ್ಡವ್ವನವರೂ ಲಿಂಗೈಕ್ಯರಾದರು. ಈಗ ಮಠದ ಹಿರಿತನ ನೀಲವ್ವನ ಹೆಗಲ ಮೇಲಿದೆ.

ಹಗ್ಗದ ಅಂಗಡಿಯಿಂದ ನಾನು ಮನೆಗೆ ಬಂದೆನಲ್ಲ, ಆ ಹೊತ್ತಿಗೇ ಮೊಬೈಲು ಬಡಿದುಕೊಂಡಿತು. ನೀಲವ್ವ. ಪಂಚಮಿಗೆ ಇನ್ನೂ ಹತ್ತು ದಿನವಿತ್ತು.

"ಅಣ್ಣಾ, ಅವ್ವನ ಒಲಿ ಕೀಳ್ತೀಯಂತ, ಹೌದಾ?"

ಹೌದು. ಗ್ಯಾಸು ಬಂದಿದೆ, ಮಣ್ಣಿನ ಒಲೆ ಜಾಗ ತಿನ್ನುತ್ತದೆ, ಕಿತ್ತು ಕಟ್ಟೆ ಮಾಡಿಕೊಡು ಎಂದು ಮನೆಯಾಕೆ ವರ್ಷದಿಂದ ಜಗಳ ತೆಗೆದಿದ್ದಳು. "ಸೋಮವಾರ ಕೀಳ್ತೀನಿ" ಎಂದೆ.

"ಹಂಗಾ" ಎಂದಳು. ಫೋನು ಇಡಲಿಲ್ಲ. ಗಿರಣಿಯ ಸದ್ದು ಕೇಳುತ್ತಿತ್ತು. ಆಮೇಲೆ ಇಟ್ಟಳು.

ನಾನು ಓದಿದವನಲ್ಲ, ಆದರೆ ಗೋಡೆಯ ಹಿಂದೆ ಟೊಳ್ಳಿದ್ದರೆ ತಟ್ಟಿದ ಸದ್ದಿಗೇ ತಿಳಿಯುತ್ತದೆ. ಮೊಪೆಡ್ ತೆಗೆದು ಆಗಲೇ ಹೊರಟೆ. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡೆ. ಹಿರಿಯಾಕೆಯಾದರೇನು, ನಿಯಮ ಇದ್ದರೇನು, ಇವತ್ತು ಅವಳೊಬ್ಬಳನ್ನೇ ಕರೆದೊಯ್ಯುತ್ತೇನೆ, ಯಾರು ತಡೆಯುತ್ತಾರೋ ನೋಡುತ್ತೇನೆ ಎಂದು. ಬಾಗಿಲಲ್ಲಿ ಅದೇ ಮಲ್ಲಮ್ಮ. ನಲವತ್ತು ದಾಟಿದೆ, ಠೇಂಕಾರ ಹಾಗೇ ಇದೆ.

"ನೀಲವ್ವನ್ನ ಕರ್ಕೊಂಡು ಹೋಗ್ತೀನಿ. ಅಕಿ ಒಬ್ಬಾಕಿನ್ನ. ಇವತ್ತ!" ಎಂದೆ.

"ಹೋಗ್ರಣ್ಣ. ಯಾರು ಬ್ಯಾಡಂದ್ರು?"

"ಮತ್ತ ನಿಯಮ?"

"ಅದು ಪಂಚಮಿಗಣ್ಣ! ವರ್ಷಕ್ಕ ಒಂದು ದಿನ. ಉಳಿದ ದಿನ ಯಾರರ ಕರಿಯಾಕ ಬಂದ್ರ ಹೋಗಿ ಬರಬೌದು. ನಾನ ಎರಡು ಸಲ ನಮ್ಮ ಚಿಗವ್ವನ ಊರಿಗೆ ಹೋಗಿ ಬಂದೀನಿ."

ನಾನು ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟೆ. ಹದಿನೈದು ವರ್ಷ! ಯಾವ ಸೋಮವಾರ ಬೇಕಾದರೂ, ಯಾವ ಬುಧವಾರ ಬೇಕಾದರೂ ಕರೆದು ತಂದು ಅವ್ವನ ಮುಂದೆ ಕೂರಿಸಬಹುದಿತ್ತು. ಪಂಚಮಿ ಬಿಟ್ಟು ಬೇರೆ ದಿನ ಕರೆಯಲು ಹೋಗಬೇಕೆಂದು ನನಗೆ ಹೊಳೆಯಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ. ಅಣ್ಣ ಹೋಗುವುದು ಪಂಚಮಿಗೆ, ಹಾಗೆಂದೇ ತಿಳಿದವರು ನಾವು. ನೀಲವ್ವ ಗಿರಣಿಯಿಂದ ಹೊರಗೆ ಬಂದಳು. ಕೂದಲು ಹಿಟ್ಟಿನಿಂದ ಬೆಳ್ಳಗಾಗಿದೆಯೋ, ವಯಸ್ಸಿನಿಂದಲೋ ತಿಳಿಯಲಿಲ್ಲ.

"ಯಾಕ ಹೇಳಲಿಲ್ಲಬೇ ನೀನು? ಇಷ್ಟು ವರ್ಷ ಬಾಯಾಗ ಏನು ಇಟ್ಕೊಂಡಿದ್ದಿ?" ಎಂದು ರೇಗಿದೆ.

"ನೀ ಯಾಕ ಕರೀಲಿಲ್ಲ?" ಎಂದಳು. ದನಿ ಏರಿಸಲಿಲ್ಲ. "ಕರೀದ ಹೆಂಗ ಬರ್ಲಿ ಅಣ್ಣ? ಎರಡು ಸಲ ಕರೀದ ಬಂದಿದ್ದೆ. ಎರಡೂ ಸಲ ನನ್ನ ಗಂಟು ಹೊತ್ಕೊಂಡು ತಿರುಗಿ ಬಿಟ್ಟು ಬಂದಿ."

ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಹೇಳಿ. ನಾನು ಎದ್ದು ಮೊಪೆಡ್ ತಿರುಗಿಸಿದೆ.

ಮೊಪೆಡ್ಡಿನ ಹಿಂದೆ ಕೂತು ಬಂದಳು. ಮನೆಗೆ ಬಂದವಳು ನೆಟ್ಟಗೆ ಅಡಿಗೆಮನೆಗೆ ಹೋಗಿ, ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತು ಒಲೆ ಹಚ್ಚಿದಳು. ಮನೆಯೆಲ್ಲ ಹೊಗೆ. ಮನೆಯಾಕೆ ಕಣ್ಣೊರೆಸಿಕೊಳ್ಳುತ್ತ ಗೊಣಗಿದಳು, ಆದರೆ ಹಿಟ್ಟು ಕಲಸಿ ಕೊಟ್ಟಳು. ನೀಲವ್ವ ರೊಟ್ಟಿ ತಟ್ಟಿದಳು. ನಾನು ಗೋಡೆಗೊರಗಿ ತಿಂದೆ. ಅವಳು ಬೆಂಕಿ ನೋಡುತ್ತ ಅವ್ವನ ಮಾತು ಒಂದೊಂದೇ ಕೇಳಿದಳು: ಕಡೆಗೆ ಏನು ಉಂಡಳು, ಯಾವ ಮಗ್ಗುಲಿಗೆ ಮಲಗಿದ್ದಳು, ತನ್ನನ್ನು ಬೈಯುತ್ತಿದ್ದಳೋ ಇಲ್ಲವೋ. "ದಿನಾ ಬೈತಿದ್ಲು" ಎಂದೆ. ಅವಳ ಮುಖ ಹಗುರಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಎದ್ದಳು. "ಇರು, ನಾಳಿ ಹೋಗಾಕಿಯಂತ" ಎಂದೆ. "ನಾಳಿ ಸೆಗಣಿ ಸರದಿ ನಂದೈತಿ" ಎಂದಳು. ಮನೆಯಾಕೆ ಅಕ್ಕಿ, ಕೊಬ್ಬರಿ, ಒಂದು ಕುಂಬಳಕಾಯಿ ಕಟ್ಟಿ ಕೊಟ್ಟಿದ್ದಳು. ನಾನು ಎಂದಿನಂತೆ ಗಂಟು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ. ಬಗಲಿಗೆ ಏರಿಸಿಕೊಂಡು ಹೊಸ್ತಿಲು ದಾಟಿ ತಿರುಗಿ ನಿಂತಳು.

"ನೀ ಕರಿಯಾಕ ಬಾ ಅಣ್ಣ. ಬಿಡಾಕ ಬರಬ್ಯಾಡ."

ಒಲೆಯನ್ನು ಇನ್ನೂ ಕಿತ್ತಿಲ್ಲ. ಮನೆಯಾಕೆಯ ಬಾಯಿಗೆ ನಾನು ದಿನಾ ಸಿಗುತ್ತಿದ್ದೇನೆ. ಪಂಚಮಿಗೆ ಎಂದಿನಂತೆ ಎಲ್ಲರೂ ಬಂದು ಹೋದರು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಾದ ಮೇಲೆ ಎರಡು ಸಲ, ಹಬ್ಬವಲ್ಲದ ದಿನ, ಕೆಲಸ ಬಿಟ್ಟು ಹೋಗಿ ಅವಳೊಬ್ಬಳನ್ನೇ ಕರೆತಂದಿದ್ದೇನೆ. ಎರಡೂ ಸಲ ಗಂಟನ್ನು ಅವಳೇ ಹೊತ್ತುಕೊಂಡು ಹೋದಳು. ಓಣಿಯ ತಿರುವಿನವರೆಗೂ ಬರಗೊಡುವುದಿಲ್ಲ. ಹೊರುವುದನ್ನೇ ಕಸುಬು ಮಾಡಿಕೊಂಡ ಗಂಡಸು ನಾನು, ಬರಿಗೈಯಲ್ಲಿ ಹೊಸ್ತಿಲ ಮೇಲೆ ನಿಂತು, ಅವಳು ಬಸ್ಸು ಹತ್ತುವವರೆಗೆ ಬೈಯುತ್ತಿರುತ್ತೇನೆ.